ಗಾಡಿಮನೆಯ ಹೀಟರು

ಸುಟ್ಟ ಧೂಳಿನ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಚಳಿ ಶುರುವಾದ ಮೊದಲ ದಿನ ಮೂಲೆಯಲ್ಲಿಟ್ಟಿದ್ದ ರೂಮ್ ಹೀಟರನ್ನು ತೆಗೆದು ಹಚ್ಚುತ್ತಾರಲ್ಲ, ವರ್ಷವಿಡೀ ಕಾಯಿಲ್ ಮೇಲೆ ಕೂತ ಧೂಳು ಆಗ ಸುಟ್ಟು ಒಂದು ವಾಸನೆ ಏಳುತ್ತದೆ, ಅದು. ಉಳಿದವರು ಆಹಾ ಎಂದು ಕೈ ಚಾಚುತ್ತಾರೆ. ನನಗೆ ಕಾಣುವುದು ಒಮಾನಿನ ಒಂದು ಬೋಳು ಬೆಟ್ಟ, ಅದರ ಮೇಲೆ ನಿಂತ ಮೋಟರ್‌ಹೋಮ್ ಎಂಬ ಹಳೆಯ ಗಾಡಿಮನೆ, ಅದರ ಸೀಟಿನ ಕೆಳಗೆ ಕಳ್ಳನಂತೆ ಕೂತಿದ್ದ ಹಾಳು ಗ್ಯಾಸ್ ಹೀಟರು. ಮನೆ ಕಳೆದುಕೊಂಡವರಿಗೆ ಒಂದೊಂದು ವಾಸನೆ ಅಂಟಿಕೊಂಡಿರುತ್ತದೆ, ನಿಮಗೂ ಇರಬಹುದು. ನಿಮ್ಮದು ನನ್ನದಕ್ಕಿಂತ ಒಳ್ಳೆಯ ವಾಸನೆಯಾಗಿರಲಿ.

ನಾವು ಬಾಗಲಕೋಟೆ ಕಡೆಯವರು. ಅಪ್ಪ ಎಣ್ಣೆ ಹುಡುಕುವ ಕಂಪನಿಯೊಂದರಲ್ಲಿ ಎಲೆಕ್ಟ್ರಿಷಿಯನ್. ಮಸ್ಕತ್ತಿನ ಹಮ್ರಿಯಾದಲ್ಲಿ ಕಂಪನಿ ಕೊಟ್ಟ ಫ್ಲ್ಯಾಟಿನಲ್ಲಿ ಅಪ್ಪ, ಅವ್ವ, ನಾನು ಮತ್ತು ಇನ್ನೂ ಶಾಲೆಗೆ ಹೋಗದ ತಮ್ಮ ಗುರು ಇದ್ದೆವು. ಅಪ್ಪನ ಮ್ಯಾನೇಜರ್ ಧಾರವಾಡದವರು, ನಾವು ಮಕ್ಕಳು ಅವರನ್ನು ದೇಸಾಯಿ ಕಾಕಾ ಎನ್ನುತ್ತಿದ್ದೆವು. ಶುಕ್ರವಾರ ಅವರೂ ಅವರ ಹೆಂಡತಿ ಕಾಕುವೂ ನಮ್ಮಲ್ಲಿಗೆ ರೊಟ್ಟಿ ಊಟಕ್ಕೆ ಬರುವರು, ಇಲ್ಲವೇ ನಾವು ಅವರಲ್ಲಿಗೆ ಹೋಗುವುದು. ಎಂಬತ್ತರ ದಶಕದ ನಡುವೆ ಎಣ್ಣೆಯ ಬೆಲೆ ಧೊಪ್ಪನೆ ಬಿತ್ತು. ಆ ವರ್ಷ ಹಮ್ರಿಯಾದ ಮೆಟ್ಟಿಲುಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಖಲಾಸ್. ಇವರ ಕೆಲಸ ಖಲಾಸ್, ಅವರ ವೀಸಾ ಖಲಾಸ್. ಎದುರು ಮನೆಯ ಮಂಗಳೂರಿನ ಕುಟುಂಬ ಹೋಯಿತು, ಮೇಲಿನ ಮನೆಯವರು ಹೋದರು, ಕೊನೆಗೆ ನಮ್ಮ ಫ್ಲ್ಯಾಟನ್ನೂ ಕಂಪನಿ ವಾಪಸ್ ಕೇಳಿತು. ಅಪ್ಪನ ಕೆಲಸ ಮಾತ್ರ ಉಳಿಯಿತು. ನಿಜ್ವಾ ದಾಟಿ ಬೆಟ್ಟದ ಮೇಲೆ ಮುಚ್ಚಿಹೋದ ಒಂದು ಕ್ಯಾಂಪಿತ್ತು, ಅಲ್ಲಿ ಬಿಟ್ಟುಬಂದ ಯಂತ್ರಗಳನ್ನು ಕಾಯುವವರು ಬೇಕಾಗಿತ್ತು. ಯಾರೋ ಬಿಳಿಯ ಎಂಜಿನಿಯರ್ ಹಡಗಿನಲ್ಲಿ ತರಿಸಿ, ಬಿಟ್ಟು ಹೋದ ಮೋಟರ್‌ಹೋಮ್ ಒಂದು ಅಲ್ಲೇ ಇತ್ತು. ಕ್ಯಾಂಪಿನಲ್ಲಿ ಸಂಸಾರ ಇಡಲು ಕಂಪನಿಯ ಅಪ್ಪಣೆ ಇರಲಿಲ್ಲ, ಆದರೂ ನಮ್ಮೆಲ್ಲರನ್ನೂ ಅದರಲ್ಲಿ ಇಡುತ್ತೇನೆ ಎಂದು ಅಪ್ಪ ದೇಸಾಯಿ ಕಾಕಾರನ್ನು ಬೇಡಿಕೊಂಡರು.

"ಮ್ಯಾಲ ಥಂಡಿ ಭಾಳ ಅದರಿ. ಗಾಡಿ ಒಳಗಿನ ಹೀಟರ್ ಚಾಲೂ ಇದ್ರ ಇರ್ಲಿ, ಮಾರ್ಚ್ ತನಕಾ ನಾ ಏನೂ ನೋಡಿಲ್ಲ ಅಂತೀನಿ. ಇಲ್ಲಾ, ಹುಡುಗ್ರನ್ನ ಊರಿಗೆ ಕಳಸ್ರಿ. ನಾನೇ ಬಂದು ನೋಡ್ತೀನಿ" ಎಂದರು ಕಾಕಾ. ಮಾರ್ಚಿನಲ್ಲಿ ಮಸ್ಕತ್ತಿನ ವಾದಿ ಕಬೀರಿನ ಶಾಲೆಯಲ್ಲಿ ನನ್ನ ಪರೀಕ್ಷೆ, ಅಲ್ಲಿಯವರೆಗೆ ಗಾಡಿಯಲ್ಲೇ ಓದಿಕೊಳ್ಳುವುದೆಂದಾಗಿತ್ತು. ಅಷ್ಟರಲ್ಲಿ ಎಣ್ಣೆಯ ಬೆಲೆ ಏರುತ್ತದೆ, ಫ್ಲ್ಯಾಟ್ ಮರಳಿ ಸಿಗುತ್ತದೆ ಎಂದು ಅಪ್ಪ ನಂಬಿದ್ದರು. ಹೀಗೆ ನಾವು ನಾಲ್ವರು ಒಟ್ಟಿಗಿರಬೇಕೋ ಬೇಡವೋ ಎನ್ನುವುದನ್ನು ತೀರ್ಮಾನಿಸುವ ಅಧಿಕಾರ ಒಂದು ತಗಡಿನ ಡಬ್ಬಿಗೆ ಸಿಕ್ಕಿತು.

ಆ ಗಾಡಿಯನ್ನು ನಾನು ಎಷ್ಟು ಬೈದರೂ ಅದು ಮನೆಯಾಗಿತ್ತು. ಊಟದ ಟೇಬಲ್ಲು ಮಡಚಿದರೆ ಮಂಚವಾಗುತ್ತಿತ್ತು. ಡ್ರೈವರ್ ಸೀಟಿನ ಮೇಲೆ ಅಟ್ಟದಂಥ ಜಾಗದಲ್ಲಿ ನಾನೂ ಗುರುವೂ ಮಲಗುತ್ತಿದ್ದೆವು, ಉಸಿರಿಗೆ ಕಿಟಕಿ ಬೆವರುತ್ತಿತ್ತು. ಅವ್ವ ಸ್ಟೇರಿಂಗಿನ ಮುಂದೆ ದೇವರ ಫೋಟೋ ಇಟ್ಟು ಊದುಬತ್ತಿ ಹಚ್ಚುತ್ತಿದ್ದಳು. ಪುಟ್ಟ ಒಲೆಯ ಮೇಲೆ ಅವಳ ದೊಡ್ಡ ಹಂಚು ಕೂರದೆ ಜಾರುತ್ತಿತ್ತು, ರೊಟ್ಟಿ ಒಂದು ಕಡೆ ಕಪ್ಪು, ಒಂದು ಕಡೆ ಹಸಿ. ಅದನ್ನೇ ಶೇಂಗಾ ಚಟ್ನಿಯಲ್ಲಿ ಅದ್ದಿಕೊಂಡು ತಿಂದು ಅಪ್ಪ ಸ್ಟೇರಿಂಗ್ ಹಿಡಿದು ಕೂತು ಅರಬ್ಬರ ಹಾಗೆ ಅವಸರಿಸುವರು. "ಯಲ್ಲಾ, ಕುಂದರ್ರಿ ಎಲ್ಲಾರೂ. ಬಾಗಲಕೋಟಿಗೆ ಹೋಗೂನು!" ಎಂಜಿನ್ ಎಂದೋ ಸತ್ತಿತ್ತು. ಆದರೂ ಗುರು ಓಡಿಬಂದು ಪಕ್ಕದ ಸೀಟಿಗೆ ಏರುತ್ತಿದ್ದ. ಫ್ಲ್ಯಾಟಿನಲ್ಲಿ ಅಪ್ಪ ಸಿಗುತ್ತಿದ್ದುದೇ ರಜಾದಿನ. ಇಲ್ಲಿ ಕೈ ಚಾಚಿದರೆ ಅಪ್ಪ.

ಆದರೆ ಸೂರ್ಯ ಬೆಟ್ಟದ ಹಿಂದೆ ಜಾರಿದನೆಂದರೆ ತಗಡಿನ ಗೋಡೆ ಮುಟ್ಟಲಾಗುತ್ತಿರಲಿಲ್ಲ. ಅಪ್ಪ ಹೀಟರಿನ ಗುಂಡಿ ತಿರುಗಿಸುವರು. ಮೊದಲು ಫ್ಯಾನು ಗುರ್ ಎನ್ನುವುದು. ಆಮೇಲೆ ಟಿಕ್ ಟಿಕ್ ಎಂದು ಕಿಡಿ, ಭುಸ್ ಎಂದು ಬೆಂಕಿ, ಸುಟ್ಟ ಧೂಳಿನ ವಾಸನೆ. ನಾವು ಕೈ ಚಾಚುವಷ್ಟರಲ್ಲಿ ಅದು ಆರಿರುತ್ತಿತ್ತು. ಬ್ಯಾಟರಿ ಸೋತಿದೆ ಎಂದು ಅಪ್ಪ ಕ್ಯಾಂಪಿನ ಲಾರಿಯ ಬ್ಯಾಟರಿ ತಂದು ಜೋಡಿಸಿದರು. ಆರಿತು. ಹೊಗೆ ಹೋಗುವ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಅದನ್ನು ಕೆರೆದು ತೆಗೆದರು. ಆರಿತು. ಫ್ಯಾನಿನ ಗಾಳಿ ತಾಗಿದರೆ ಮಾತ್ರ ಬಾಗಿ ಬೆಂಕಿಗೆ ಒಪ್ಪಿಗೆ ಕೊಡುವ ತೆಳು ತಗಡಿನ ಸ್ವಿಚ್ಚೊಂದು ಒಳಗಿತ್ತು, ಅದಕ್ಕೆ ಆ ಬಿಳಿಯ ಎಂಜಿನಿಯರ್ ಸಾಕಿದ್ದ ನಾಯಿಯ ಕೂದಲು ಸುತ್ತಿಕೊಂಡಿತ್ತು. ಅದನ್ನೂ ಬಿಡಿಸಿದರು, ಕಿಡಿ ಹಾರುವ ತಂತಿಯನ್ನು ಉಜ್ಜಿ ಬೆಳಗಿದರು. ಆರಿತು. ಮಧ್ಯಾಹ್ನ ಹಚ್ಚಿದರೆ ಮಾತ್ರ ಸಾಧುವಿನ ಹಾಗೆ ಉರಿಯುತ್ತಿತ್ತು. ಬಿಸಿಲಿನಲ್ಲಿ ಯಾರಿಗೆ ಬೇಕಾಗಿತ್ತು ಅದರ ಶಾಖ? ಗುರು ಸಂಜೆಯಾದರೆ ಗೊರಗೊರ ಕೆಮ್ಮುತ್ತಿದ್ದ. ಅಪ್ಪ ಸ್ಪ್ಯಾನರ್ ಬೀಸಿ ಒಗೆಯುತ್ತಿದ್ದರು. ನಾನು ಹೋಗಿ ಹೀಟರಿನ ಜಾಲರಿಗೆ ಒದ್ದು ಕಾಲುಬೆರಳು ಊದಿಸಿಕೊಂಡೆ.

ಕಾರಣ ಹಿಡಿದವಳು ಅವ್ವ. "ರೀ, ಸಂಜಿ ಆದ್ರ ನನ್ನ ಒಲಿ ಉರೀನೂ ಕೂತ್ಕೊಂತೈತಿ. ಹೀಟರ್ ಕೆಟ್ಟಿಲ್ಲ. ಸಿಲಿಂಡರ್‌ಗೆ ಥಂಡಿ ಹತ್ತೈತಿ" ಎಂದಳು. "ಕಬ್ಬಿಣಕ್ಕ ಎಲ್ಲಿ ಥಂಡಿ ಹತ್ತತೈತಿ? ಸುಮ್ನಿರ ನೀ" ಎಂದರು ಅಪ್ಪ. ಅವ್ವ ಹೇಳಿದ್ದೇ ಸರಿಯಾಗಿತ್ತು. ಆ ಹೀಟರು ಕೊರೆಯುವ ಚಳಿಯಲ್ಲೂ ಆವಿಯಾಗುವ ಪ್ರೋಪೇನಿಗೆ ಮಾಡಿದ್ದು. ನಾವು ವಾದಿ ಕಬೀರಿನ ಗ್ಯಾರೇಜಿನಲ್ಲಿ ಸಿಲಿಂಡರಿನ ನಳಿಗೆ ಬದಲಿಸಿಕೊಂಡು ತಂದದ್ದು ಅಡುಗೆಯ ಗ್ಯಾಸು. ಅದರಲ್ಲಿ ಹೆಚ್ಚಿನ ಪಾಲು ಬ್ಯೂಟೇನ್, ಚಳಿ ಏರಿದರೆ ಮೇಲೇಳದೆ ದ್ರವವಾಗಿಯೇ ಸಿಲಿಂಡರಿನ ತಳದಲ್ಲಿ ಮಲಗುತ್ತದೆ. ಇದನ್ನು ನಾನು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅವ್ವನಿಗೆ ಬ್ಯೂಟೇನ್ ಗೊತ್ತಿರಲಿಲ್ಲ. ಗ್ಯಾಸ್ ಮುಗಿಯುತ್ತ ಬಂದಾಗ ನಮ್ಮ ಕಡೆಯ ಹೆಂಗಸರು ಸಿಲಿಂಡರನ್ನು ಬಿಸಿನೀರಿನಲ್ಲಿ ಕೂರಿಸಿ ಇನ್ನೆರಡು ದಿನದ ಅಡುಗೆ ಎಳೆಯುತ್ತಾರೆ, ಅದು ಗೊತ್ತಿತ್ತು. ಗುರುವಿನ ಸ್ನಾನದ ಟಬ್ ಹೊರಗೆ ಎಳೆದು ಸಿಲಿಂಡರನ್ನು ಅದರಲ್ಲಿ ಕೂರಿಸಿ, ಗಾಡಿಯ ಹಿಂದೆ ದೂರದಲ್ಲಿ ಸೀಮೆಎಣ್ಣೆ ಸ್ಟೋವಿನ ಮೇಲೆ ನೀರು ಕಾಯಿಸಿ ತಂದು ಸುರಿದಳು, ಸಿಲಿಂಡರಿಗೆ ಟವೆಲ್ ಹೊದಿಸಿದಳು. ಅಂದು ಸಂಜೆ ಹೀಟರು ಆರಲಿಲ್ಲ. ಗುರು ಸ್ವೆಟರ್ ಬಿಚ್ಚಿ ಬನಿಯನ್ನಿನಲ್ಲಿ ಕುಣಿದ. ಅಪ್ಪ ಅವ್ವನ ಕೈಯಿಂದ ಬಕೆಟ್ ತೆಗೆದುಕೊಂಡು ಮುಂದಿನ ನೀರನ್ನು ತಾವೇ ತಂದರು.

ದೇಸಾಯಿ ಕಾಕಾ ಬಂದದ್ದು ಆ ವಾರವೇ, ಹೊತ್ತು ಮುಳುಗುವಾಗ. ಒಳಗೆ ಬೆಚ್ಚಗಿತ್ತು. ಕೋಟು ಬಿಚ್ಚಿ ಕೂತು ಚಹಾ ಕುಡಿದರು, ಗುರುವಿನ ಗಲ್ಲ ಹಿಂಡಿದರು, "ಭೇಷ್, ಹೀಟರ್ ಮಸ್ತ್ ನಡದದಲ್ಲೊ" ಎಂದರು. ಹೊರಡುವಾಗ ಗಾಡಿಯನ್ನು ಒಂದು ಸುತ್ತು ಬಂದವರು ಹಬೆಯಾಡುವ ಟಬ್ಬಿನ ಮುಂದೆ ನಿಂತರು. "ಏನಿದು? ಸಿಲಿಂಡರ್ ಕುದಸ್ಲಿಕ್ಕೆ ಹತ್ತೀರೇನು? ನಾಳೆ ಏನರ ಆತಂದ್ರ ನನ್ನ ತಲಿ ಮ್ಯಾಲ ಬರ್ತದ. ಯಾರು ಮಾಡಿದ್ದು ಇದನ್ನ?" ಅದು ಅಪಾಯದ ಕೆಲಸ, ನಿಜ. ನೀವು ಮಾಡಬೇಡಿ ಎಂದು ನಾನೂ ಹೇಳುತ್ತೇನೆ. ಆದರೆ ಹಮ್ರಿಯಾದ ಅವರ ಮನೆಯಲ್ಲಿ ಕಾಕು ಹಾಗೇ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೆ, ಆ ಗ್ಯಾಸಿನಲ್ಲಿ ಬೆಂದ ಬದನೆಕಾಯಿ ಪಲ್ಯವನ್ನು ಕಾಕಾ ಬೆರಳು ನೆಕ್ಕಿ ತಿಂದದ್ದನ್ನೂ ಕಂಡಿದ್ದೆ. ಅವರಿಗೂ ಅವರ ಕುರ್ಚಿಯ ಭಯವಿತ್ತು, ನಮ್ಮನ್ನು ಕಳಿಸಲು ನೆಪ ಹುಡುಕುತ್ತಿದ್ದರು. ಅಷ್ಟು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ಅಪ್ಪನ ಉತ್ತರ. ನೆಲ ನೋಡುತ್ತ ಅಪ್ಪ ಹೇಳಿದರು: "ನಾ ಮಾಡಿಲ್ರಿ ಸರ್. ನನಗ ಗೊತ್ತಿಲ್ದ ಇಕಿ ಮಾಡ್ಯಾಳ್ರಿ."

ಬಕೆಟ್ ಅಪ್ಪನ ಕಾಲಬಳಿಯೇ ಇತ್ತು. ಅವ್ವ ಬಾಗಿಲಲ್ಲಿ ನಿಂತಿದ್ದಳು, ಕೇಳಿಸಿಕೊಂಡಳು, ತಿರುಗಿ ಒಳಗೆ ಹೋಗಿ ಪಾತ್ರೆ ಕಟ್ಟತೊಡಗಿದಳು. ಕಾಕಾ ಅಪ್ಪನನ್ನು ಬಿಟ್ಟು ನಮ್ಮ ಮೂವರಿಗೂ ಊರಿನ ಟಿಕೆಟ್ ಮಾಡಿಸಿದರು. ಬೆಟ್ಟ ಇಳಿದು ಮಸ್ಕತ್ತಿನ ಸೀಬ್ ವಿಮಾನ ನಿಲ್ದಾಣದವರೆಗೆ ಅವ್ವ ಅಪ್ಪನಿಗೆ ಬೆನ್ನು ಮಾಡಿ ಕೂತಿದ್ದಳು. ನನ್ನ ಪರೀಕ್ಷೆ ಹೋಯಿತು, ಬಾಗಲಕೋಟೆಯ ಶಾಲೆಯಲ್ಲಿ ಅದೇ ತರಗತಿಗೆ ಮತ್ತೆ ಕೂತೆ. ಎಣ್ಣೆಯ ಬೆಲೆ ಯಾವಾಗಲೋ ಏರಿತು, ನಮ್ಮ ಮನೆ ಮಾತ್ರ ಮತ್ತೆ ಒಂದಾಗಲಿಲ್ಲ. ಆಮೇಲಿನ ಅಪ್ಪ ರಜೆಗೆ ಬಂದು ಹೋಗುವ ಅಪ್ಪ. ಈಗ ಅಪ್ಪ ಅವ್ವ ಇಬ್ಬರೂ ಇಲ್ಲ, ನನ್ನ ಸಿಟ್ಟು ಮಾತ್ರ ಗಟ್ಟಿಯಾಗಿದೆ.

ಅಪ್ಪ ಮೊದಲ ಸಲ ರಜೆಗೆ ಬಂದಾಗ ಅವರ ಬೆರಳುಗಳ ಮೇಲೆಲ್ಲ ಚಳಿಗೆ ಸಿಡಿದ ಕಪ್ಪು ಗೀರುಗಳಿದ್ದವು. ಅನ್ನ ಕಲಸುವಾಗ ಉಪ್ಪು ತಾಗಿ ಮುಖ ಹಿಂಡಿದರು. ಅವ್ವ ನೋಡಿದಳು. "ಹೀಟರ್ ಮತ್ತ ಕೆಟ್ಟಿತ್ತೇನ್ರಿ?" ಎಂದು ಕೇಳಿದಳು.

"ಇಲ್ಲ. ನೀವು ಹೋದ ಮ್ಯಾಲ ನಾ ಹಚ್ಚಲೇ ಇಲ್ಲ. ಕೈ ಬರ್ಲಿಲ್ಲ."

ಅವ್ವ ಬಡಿಸುವ ಸೌಟನ್ನು ಪಾತ್ರೆಗೆ ಕುಕ್ಕಿದಳು. "ಥಂಡ್ಯಾಗ ಸಾಯ್ಲಿ ಅಂತ ಸರಿ ಮಾಡಿದ್ನೇನು ನಾ ಅದನ್ನ? ಹಚ್ಕೊಬಾರ್ದಿತ್ತೇನು?" ಆಮೇಲೆ ಹಬೆಯಾಡುವ ಅನ್ನ ಇನ್ನೊಂದು ಸೌಟು ಹಾಕಿ, ಅವರ ಬೆರಳಿಗೆ ಉಪ್ಪು ತಾಗದಂತೆ ತಾನೇ ಕಲಸಿಕೊಟ್ಟಳು.