ನನ್ನ ಓರಗಿತ್ತಿ ಮತ್ತು ಗುಡ್ಡದ ಗಿಡಗಳು

ನನ್ನ ಓರಗಿತ್ತಿಯನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ‘ಗಾಳಿ’ ಅಂದರೆ ಅವಳೇ. ಗುಡ್ಡದ ನೆತ್ತಿಯ ಮೇಲಿನ ಊರಿನಿಂದ ನನ್ನ ಮೈದುನನ ಕೈಹಿಡಿದು ಬಂದವಳು. ಎದುರುಗಾಳಿಯಲ್ಲಿ ನಡೆದು ನಡೆದು ರೂಢಿಯಾಗಿ, ನಮ್ಮ ಅಡುಗೆಮನೆಯಲ್ಲೂ ಮುಂದಕ್ಕೆ ಬಾಗಿಯೇ ಓಡಾಡುತ್ತಿದ್ದಳು. ನಾನು ತುತ್ತು ಎತ್ತುವಷ್ಟರಲ್ಲಿ ಅವಳ ತಟ್ಟೆ ತೊಳೆದು ಕವುಚಿ ಇಟ್ಟಾಗಿರುತ್ತಿತ್ತು.

“ನಮ್ಮ ಮಣ್ಣಲ್ಲಿ ನಾಲ್ಕು ದಿನ ಬೇರು ಬಿಡಲಿ, ನೆಟ್ಟಗಾಗ್ತಾಳೆ,” ಎನ್ನುತ್ತಿದ್ದರು ಅತ್ತೆ.

“ಹುಟ್ಟುಗುಣ ಸುಟ್ಟರೂ ಹೋಗಲ್ಲ ಅತ್ತೆ,” ಎಂದು ನಾನು ನಗುತ್ತಿದ್ದೆ.

ಅವಳು ಬಾಗಿಲ ಚಿಲಕ ಬಿದ್ದಿದೆಯೇ ಎಂದು ಮತ್ತೊಮ್ಮೆ ಎಳೆದು ನೋಡುತ್ತಿದ್ದಳು. ಗುಡ್ಡದ ಮೇಲೆ ಚಿಲಕ ಮರೆತರೆ ಬಾಗಿಲೇ ಕಿತ್ತುಹೋಗುತ್ತದಂತೆ.

ಮಕ್ಕಳು ದೊಡ್ಡವರಾದ ಮೇಲೆ, ಓದಿದವರು ಕಾಡುಗಿಡ ಬೆಳೆಸಿ ಪರೀಕ್ಷೆ ಮಾಡುವ ತೋಟದಲ್ಲಿ ನೀರು ಹಾಕುವ ಕೆಲಸ ಹಿಡಿದಳು. ನಮ್ಮ ಯಜಮಾನರು ತೀರಿಕೊಂಡ ವರ್ಷ ಅವಳು ನನ್ನನ್ನೂ ಎಳೆದುಕೊಂಡು ಹೋಗಿ ಕಳೆ ಕೀಳಲು ಕೂರಿಸಿದಳು. ಹಾಗಾಗಿ ಮುಂದಿನದೆಲ್ಲ ನಾನು ಕಣ್ಣಾರೆ ಕಂಡದ್ದು.

ಆ ವರ್ಷವೇ ಅವಳ ತವರಿನ ಗುಡ್ಡದ ನೆತ್ತಿಯನ್ನು ಕಲ್ಲಿಗಾಗಿ ಒಡೆಯುವುದು ನಿಶ್ಚಯವಾಯಿತು. ಅಲ್ಲಿ ಬಂಡೆಯ ಸಂದಿಯಲ್ಲಿ ನೆಲಕ್ಕಂಟಿ ಬೆಳೆಯುವ ಒಂದು ಹಳದಿ ಹೂವಿನ ಗಿಡವಿತ್ತು. ಅದೇ ಗಿಡ ಕೆಳಗೆ ಹೊಳೆಯ ಬದಿಯಲ್ಲಿ ಸೊಂಟದೆತ್ತರ. ತೋಟದ ಮೇಡಂ ಎರಡೂ ಕಡೆಯ ಬೀಜ ತರಿಸಿ ಒಂದೇ ಪಾತಿಯಲ್ಲಿ ಅಕ್ಕಪಕ್ಕ ಬಿತ್ತಿಸಿದರು.

“ಎರಡೂ ಒಂದೇ ಥರ ಬೆಳೆದ್ರೆ ಮೇಲಿನದನ್ನ ಬೇರೆ ಇಟ್ಕೊಳ್ಳೋದು ಬೇಕಿಲ್ಲ. ಬೇರೆ ಅಂತ ಕಂಡ್ರೆ ಅದರ ಬೀಜ ಕಾಪಾಡೋಣ,” ಎಂದರು.

ಅವತ್ತಿನಿಂದ ಗಾಳಿ ಕಾಲು ಸುಟ್ಟ ಬೆಕ್ಕಾದಳು. ಗೇಟು ತೆಗೆಯುವ ಮುಂಚೆಯೇ ಕಂಬಿ ಹಿಡಿದು ನಿಂತಿರುವಳು. ಸಸಿಗಳನ್ನು ಗೇಣು ಹಾಕಿ ಅಳೆಯುವಳು, ಎದ್ದು ಹೋಗುವಳು, ತಿರುಗಿ ಬಂದು ಮತ್ತೆ ಅಳೆಯುವಳು. ಗುಡ್ಡದ ಸಸಿಗಳೋ, ಒಳ್ಳೆಯ ಮಣ್ಣು ಕಂಡದ್ದೇ ತಡ, ಸರಸರನೆ ಮೇಲೆದ್ದವು.

“ನೋಡಕ್ಕ, ತವರು ಮರೆತ ದರಿದ್ರಗಳು! ಹೊಟ್ಟೆ ತುಂಬ್ತಿದ್ದ ಹಾಗೇ ಕತ್ತೆತ್ತಿ ನಿಂತಿದಾವೆ.”

“ನೀನೂ ಈಗ ಮುಂಚಿನಷ್ಟು ಬಾಗಿ ನಡೆಯಲ್ಲ ಬಿಡೆ,” ಎಂದೆ. ಬಾಯಿ ತಪ್ಪಿ ಬಂದ ಮಾತು. ಅವಳ ಮುಖ ಕಪ್ಪಿಟ್ಟಿತು.

ಒಂದು ಮಧ್ಯಾಹ್ನ ಮೇಡಂ ಊಟಕ್ಕೆ ಹೋಗಿದ್ದಾಗ ನೋಡುತ್ತೇನೆ, ಪಾತಿಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಗುಡ್ಡದ ಗಿಡವೊಂದರ ಕುಡಿಯನ್ನು ಎರಡು ಉಗುರಿನ ನಡುವೆ ಹಿಡಿದಿದ್ದಾಳೆ. ಚಿವುಟಿದರೆ ಗಿಡ ಕುಳ್ಳಾಗಿಯೇ ಉಳಿಯುತ್ತದೆ.

“ಏಯ್, ಗಿಡದ ಬಾಯಲ್ಲಿ ಸುಳ್ಳು ಹೇಳಿಸ್ತೀಯೇನೆ?”

“ಗುಡ್ಡ ಅಂತೂ ಹೋಗತ್ತೆ ಅಕ್ಕ. ಇದೂ ಹೋದ್ರೆ, ನಾನು ಎಲ್ಲಿಂದ ಬಂದವಳು ಅಂತ ಏನನ್ನ ತೋರಿಸ್ಲಿ?”

ಅವಳು ಚಿವುಟಲಿಲ್ಲ, ಬಿಡಲೂ ಇಲ್ಲ. ಆಮೇಲೆ ಮುಖವನ್ನು ಗಿಡಕ್ಕೇ ತಾಗಿಸಿ, “ಅಕ್ಕ, ಬೇಗ ಬಾ. ಇದು ಎಲೆ ಅಲ್ಲ,” ಎಂದಳು.

ಮೊಗ್ಗು! ಸಾಸಿವೆ ಕಾಳಿನಷ್ಟು. ಗುಡ್ಡದ ಸಾಲಿನಲ್ಲೆಲ್ಲ ಅದೇ. ಹೊಳೆಬದಿಯ ಸಾಲಿನಲ್ಲಿ ಬಗ್ಗಿ ಬಗ್ಗಿ ಹುಡುಕಿದೆವು. ಬರೀ ಸೊಪ್ಪು.

ಒಂದು ಸಾಲು ಹಳದಿಯಾಗಿ ಇನ್ನೊಂದು ಹಸಿರಾಗಿಯೇ ನಿಂತಿದ್ದ ದಿನ ಮೇಡಂ ನಮ್ಮನ್ನು ಕರೆದರು. “ಎತ್ತರ ಮಣ್ಣು ಕೊಟ್ಟಿದ್ದು. ಈ ಆತುರ ಮಾತ್ರ ಹುಟ್ಟಿನದು. ಮೇಲೆ ಬೆಚ್ಚಗಿರೋ ದಿನಗಳೇ ಕಮ್ಮಿ. ತಡ ಮಾಡಿದ ಗಿಡ ಬೀಜ ಕಟ್ಟೋಕೆ ಮುಂಚೆ ಚಳಿಗೆ ಸಾಯತ್ತೆ, ಆತುರದ್ದೇ ವಂಶ ಉಳಿಯತ್ತೆ. ಮೇಲಿನದು ಅರಳಿದಾಗ ಕೆಳಗಿನದು ಮೊಗ್ಗೂ ಬಿಟ್ಟಿರಲ್ಲ. ಇನ್ನು ಎರಡೂ ಬೆರೆಯೋದು ಹೇಗೆ?”

“ಅಂದ್ರೆ ಹೆಣ್ಣು ಕೊಟ್ಟು ತರೋದೇ ಇಲ್ಲ ಅನ್ನಿ,” ಎಂದಳು ಗಾಳಿ. “ನಮ್ಮಪ್ಪ ಒಬ್ಬ ಕೊಟ್ಟುಬಿಟ್ಟ ನೋಡಿ!”

ಮೇಡಂ ನಕ್ಕುಬಿಟ್ಟರು. ಗುಡ್ಡದ ಬೀಜ ಬೇರೆಯೇ ಇಡುವುದೆಂದಾಯಿತು.

ಮನೆಯಲ್ಲಿ ಅತ್ತೆ, “ಮಣ್ಣಿನ ಗುಣ ಅಂತ ನಾನು ಹೇಳಿರ್ಲಿಲ್ವಾ?” ಎಂದರು. ನಾನು ಹುಟ್ಟುಗುಣ ಎಂದೆ. ಇಬ್ಬರೂ ಗೆದ್ದೆವು. ಗಾಳಿ ಆಗಲೇ ಚಪ್ಪಲಿ ಮೆಟ್ಟಿದ್ದಳು. “ಬೀಜ ಸಿಡಿದು ಹೋದ್ರೆ?”

“ಇನ್ನೂ ಹೂವೇ ಉದುರಿಲ್ಲ ಕಣೆ, ಕೂತ್ಕೊ.”

ಕೂರಲಿಲ್ಲ.

ಬೀಜ ಒಣಗಿಸಿ ಡಬ್ಬಿಗೆ ತುಂಬಿ, ಮೇಡಂ ತಣ್ಣನೆಯ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಗಾಳಿ ಬೀಗವನ್ನು ಎಳೆದು ನೋಡಿದಳು. ನಾವು ಹೊರಡುವಷ್ಟರಲ್ಲಿ ಗುಡ್ಡದ ಕಡೆಯಿಂದ ಸಿಡಿಮದ್ದಿನ ಸದ್ದು ಬಂತು, ಕಿಟಕಿಯ ಗಾಜು ಅದುರಿತು. ಅವಳು ಹಿಂದಕ್ಕೆ ಓಡಿಹೋಗಿ ಬೀಗವನ್ನು ಇನ್ನೊಂದು ಸಲ ಎಳೆದಳು.