ಬಸವಣ್ಣ ಕೊಟ್ಟಿದ್ದ ಒಪ್ಪಿಗೆ

ಆ ದಿನ ಬಸವಣ್ಣನ ಬಲಕೋಡಿನ ಹೂವೇ ಬಿದ್ದಿತ್ತು, ಗಿರಿಜಾ. ಎಡದ್ದು ಬಿತ್ತು ಎಂದು ಸುಳ್ಳು ಹೇಳಿದವಳು ನಾನು — ನಿನ್ನ ಒಡಹುಟ್ಟಿದ ಅಕ್ಕ. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇಷ್ಟು ವರ್ಷ ನಿನ್ನ ಮನೆಗೆ ಬಂದು ಉಂಡಿದ್ದೇನೆ, ನಿನ್ನ ಮಗಳಿಗೆ ಜಡೆ ಹೆಣೆದಿದ್ದೇನೆ.

ಮೆಕ್ಕೆಜೋಳಕ್ಕೆ ಹತ್ತುವ ಬೂಷ್ಟಿನ ಬಗ್ಗೆ ಓದಲು ನಿನಗೆ ಸ್ಕಾಟ್ಲೆಂಡಿನಲ್ಲಿ ಸೀಟು ಸಿಕ್ಕಿತ್ತು. ಅಪ್ಪನ ಹರಪನಹಳ್ಳಿಯ ದಲಾಲಿ ಅಂಗಡಿಯಲ್ಲಿ ನೆನೆದ ಜೋಳದ ಚೀಲಗಳ ವಾಸನೆಗೆ ನಾವೆಲ್ಲ ಮೂಗು ಮುಚ್ಚಿಕೊಂಡರೆ, ನೀನು ಭೂತಗನ್ನಡಿ ಹಿಡಿದು ಕೂರುತ್ತಿದ್ದೆ. ದಾವಣಗೆರೆಯ ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ ಆ ಸೀಟಿನ ಪತ್ರವನ್ನು ಎಷ್ಟು ಸಲ ಬಿಚ್ಚಿ ಓದಿದೆಯೋ — ಮಡಿಕೆಯಲ್ಲೇ ಹರಿದಿತ್ತು. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದರು. ಗೋದಾಮಿನ ಪತ್ರ ಒತ್ತೆಯಿಟ್ಟು ಅಪ್ಪ ಸಹಿ ಹಾಕಬೇಕಿತ್ತು. ಓದು ಮುಗಿದ ಮೇಲೆ ಕೆಲಸ ಸಿಗದಿದ್ದರೆ ಎಂದು ಅಪ್ಪ ದಿನವೂ ಕೇಳುತ್ತಿದ್ದರು. ನೀನು ಅವರೆದುರು ಭಾರೀ ಧೈರ್ಯಸ್ಥೆ. ನನ್ನೆದುರು ಮಾತ್ರ ಹೇಳಿದ್ದೆ, "ಅಷ್ಟು ಸಾಲ ಅಂದ್ರ ನನಗೂ ಹೆದರಿಕಿ ಐತಿ ಅಕ್ಕ. ಹೋಗದ ಇಲ್ಲೇ ಉಳಿಯಾದು ಇನ್ನೂ ದೊಡ್ಡ ಹೆದರಿಕಿ."

ಕೊನೆಗೆ ಅಪ್ಪ ಅದನ್ನು ದೇವರ ಮೇಲೆ ಹಾಕಿದರು. "ಬಸವಣ್ಣ ಹ್ಞೂಂ ಅಂದ್ರ ನಾಳೆನ ಸಹಿ ಮಾಡ್ತೀನಿ. ಬ್ಯಾಡ ಅಂದ್ರ ಮತ್ತ ಆ ಮಾತು ಎತ್ತಬಾರದವ್ವ." ನೀನು ತಲೆಯಾಡಿಸಿದೆ.

ನೀಲಗುಂದದ ದಾರಿಯಲ್ಲಿರುವ ನಮ್ಮ ಹೊಲದ ಬಸವಣ್ಣನಿಗೆ ಪೂಜಾರಿ ಇಲ್ಲ. ನಾವೇ ನೀರು ಹಾಕಿ, ಒದ್ದೆ ಸೇವಂತಿಗೆ ಎರಡನ್ನು ಎರಡು ಕೋಡಿಗೆ ಅಂಟಿಸಿ ಹೂ ಕೇಳುವುದು. ಬಲದ್ದು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಕೇಳುವವರು ಕಣ್ಣು ಮುಚ್ಚಿರಬೇಕು, ಮನೆಯ ಇನ್ನೊಬ್ಬರು ನೋಡಿ ಹೇಳಬೇಕು. ಅಪ್ಪ ಮಂಡಿನೋವೆಂದು ಹೊರಗೆ ಕಟ್ಟೆಯ ಮೇಲೆ ಕೂತರು. ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಗಂಡನ ಮನೆ ಬಿಟ್ಟು ಬಂದು ನನಗೆ ಆಗ ಎರಡು ವರ್ಷ. ಮನೆಯಲ್ಲಿ ಎಲ್ಲರೂ ನನ್ನೊಡನೆ ದನಿ ತಗ್ಗಿಸಿ ಮಾತಾಡುತ್ತಿದ್ದರು — ಕಾಯಿಲೆಯವರ ಜೊತೆ ಆಡುವ ಹಾಗೆ. ಬೈದು, ನಗಿಸಿ, ಜಗಳ ಕಾಯುತ್ತಿದ್ದವಳು ನೀನೊಬ್ಬಳೇ. ನೀನು ಹೋದರೆ ಆ ಮನೆಯಲ್ಲಿ ನಾನು ಯಾರ ಜೊತೆ — ಇದನ್ನು ನೆಪವಾಗಿ ಬರೆಯುತ್ತಿಲ್ಲ. ಆಗ ಇದ್ದದ್ದು ಇಷ್ಟೇ.

ಬಹಳ ಹೊತ್ತು ಕಾಯಿಸಲೂ ಇಲ್ಲ ಬಸವಣ್ಣ. ಬಲದ ಹೂ ಜಾರಿತು. ನೀನು ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದೆ, ತುಟಿ ಅಲುಗುತ್ತಿತ್ತು. ನಾನು ಬಗ್ಗಿ ಅದನ್ನೆತ್ತಿ ಮತ್ತೆ ಬಲಕೋಡಿಗೆ ಒತ್ತಿದೆ. ಎಡದ್ದನ್ನು ಬೆರಳಿನಿಂದ ಕೆಡವಿದೆ. ಆಮೇಲೆ — "ಬ್ಯಾಡ ಅಂದಾನವ್ವ," ಎಂದೆ.

ನೀನು ಅಳಲಿಲ್ಲ. ಅಡ್ಡಬಿದ್ದು ಎದ್ದೆ, ಅಪ್ಪನಿಗೆ ನೀನೇ ಹೋಗಿ ಹೇಳಿದೆ. ವರ್ಷ ತುಂಬುವುದರೊಳಗೆ ನಿನ್ನನ್ನು ಮದುವೆ ಮಾಡಿ ಹಡಗಲಿಗೆ ಕೊಟ್ಟರು. ನಾನು ಯಾವ ಒಂಟಿತನಕ್ಕೆ ಹೆದರಿದ್ದೆನೋ ಅದು ಹೇಗೂ ಬಂತು. ನಿನ್ನ ಓದನ್ನು ಮಾತ್ರ ಸುಮ್ಮಸುಮ್ಮನೆ ತಿಂದುಹಾಕಿದೆ.

ಅಪ್ಪ ಬೇಡ ಅಂದಿದ್ದರೆ ನೀನು ಬಿಡುತ್ತಿದ್ದೆಯಾ? ಊಟ ಬಿಡುತ್ತಿದ್ದೆ, ಸೋದರಮಾವನ ಕಾಲು ಹಿಡಿಯುತ್ತಿದ್ದೆ, ಹೋಗೇ ಹೋಗುತ್ತಿದ್ದೆ. ದೇವರ ಜೊತೆ ಹೇಗೆ ಜಗಳವಾಡುತ್ತೀ? ನಾನು ನಿನಗೆ ಜಗಳವಾಡಲು ಒಂದು ಮುಖವನ್ನೂ ಉಳಿಸಲಿಲ್ಲ.

ಇಷ್ಟನ್ನೂ ನುಂಗಿಕೊಂಡೇ ಸಾಯುತ್ತಿದ್ದೆನೇನೋ. ಹೋದ ತಿಂಗಳು ನಿನ್ನ ಅಡಿಗೆಮನೆಯಲ್ಲಿ ಬೇಳೆ ಆರಿಸುತ್ತಾ, ಯಾವುದೋ ಮಾತಿಗೆ ನೀನು ಅಂದೆ, "ದೇವ್ರಿಗೆ ಕಂಡಿರಬೇಕು ಬಿಡಕ್ಕ, ನನ್ನಾಗ ಏನೋ ಕಡಿಮಿ ಐತಿ ಅಂತ." ನಗುತ್ತಲೇ ಅಂದೆ. ಇಪ್ಪತ್ತು ವರ್ಷ ನೀನು ಹಾಗೇ ತಿಳಿದಿದ್ದೀ ಎಂದು ನನಗೆ ಗೊತ್ತೇ ಇರಲಿಲ್ಲ. ಬೇಳೆ ಆರಿಸುವುದನ್ನು ನಾನು ನಿಲ್ಲಿಸಲಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಬಂದು ನಾನೇ ನಿನ್ನೆದುರು ಓದುತ್ತೇನೆ. ಓದಿದ ಮೇಲೆ ಈ ಭೂಮಿಯ ಮೇಲೆ ನನ್ನ ಜೊತೆ ಮಾತಾಡುವವರು ಯಾರೂ ಉಳಿಯಲಿಕ್ಕಿಲ್ಲ — ಗೊತ್ತು. ಬರುತ್ತೇನೆ.