ಮೂರನೆಯ ಹಾಸಿನ ಬೂದಿ

ಬನಹಟ್ಟಿಯ ಶೇವಂತಿಯ ಬೆರಳು ಎಂದರೆ ಬೆರಳು! ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಹಾಸಿದ ಎಳೆ, ಮುಗಿಯುತ್ತ ಬಂದಾಗ ನೇಕಾರರು ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಎಳೆ ಹಾಯುವ ಹಣಿಗೆಯ ಹಿಂದೆ ಗೇಣುದ್ದ ಉಳಿಸಿ, ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆದು ಸೇರಿಸುತ್ತಾರೆ. ಅದಕ್ಕೇ ಕೆಚ್ಚುವುದು ಎನ್ನುತ್ತಾರೆ. ಎಡಗೈಯಲ್ಲಿ ಹಳೆಯದು, ಬಲಗೈಯಲ್ಲಿ ಹೊಸದು, ಬೆರಳ ತುದಿಗೆ ಚಿಟಿಕೆ ಸೆಗಣಿ ಕುಳ್ಳಿನ ಬೂದಿ, ಒಂದು ತಿರುವು, ಆಯಿತು. ಎರಡು ಸಾವಿರದ ಮೇಲಿನ ಎಳೆಗಳು, ಒಂದೂ ತಪ್ಪಬಾರದು. ಶೇವಂತಿ ಮಾತಾಡುತ್ತಲೇ ಕೆಚ್ಚುತ್ತಿದ್ದಳು. ಓಣಿಯವರೆಲ್ಲ ಅವಳನ್ನೇ ಕರೆಯುತ್ತಿದ್ದರು.

ಕಲಿಸಿದವಳು ಅತ್ತೆ ಬೋರವ್ವ. ಕೃಷ್ಣೆಯ ದಂಡೆಯ ಅನಗವಾಡಿಯಿಂದ ಬಂದ ಸೊಸೆಗೆ ನೂಲು ಯಾವುದು, ನಾರು ಯಾವುದು ಗೊತ್ತಿರಲಿಲ್ಲ. ಮೊದಲ ವರ್ಷ ಬೈಗುಳ ತಿಂದಷ್ಟು ರೊಟ್ಟಿ ತಿನ್ನಲಿಲ್ಲ, ಪಾಪ. ಸಾಯುವ ಮುಂದೆ ಬೋರವ್ವ ಹೇಳಿದ್ದು ಒಂದೇ ಮಾತು: "ಮಗ್ಗ ಬರಿದ ಬಿಡಬ್ಯಾಡವ್ವ." ಮನೆಯಲ್ಲಿದ್ದದ್ದು ಒಂದೇ ಒಂದು ಪವರ್‌ಲೂಮ್. ಅತ್ತೆ ಉಳಿಸಿದ ಎಳೆಗೆ ಸೊಸೆ ಕೆಚ್ಚಿದಳು, ತಾನು ಉಳಿಸಿದ್ದಕ್ಕೆ ಮತ್ತೆ ತಾನೇ ಕೆಚ್ಚಿದಳು. ಹದಿನಾಲ್ಕು ವರ್ಷ ಆ ಮಗ್ಗ ಒಂದು ದಿನವೂ ಬರಿದಾಗಿರಲಿಲ್ಲ.

ಗಂಡ ಕರೆಪ್ಪನಿಗೆ ಮಾತ್ರ ಮಗ್ಗ ಸಾಕಾಗಿತ್ತು. ಎಲ್ಲದರ ರೇಟು ಏರಿದರೂ ನೇಯ್ಗೆಯ ಕೂಲಿ ಏರುತ್ತಿರಲಿಲ್ಲ. ಜಮಖಂಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹಿಟ್ಟಿನ ಗಿರಣಿ ಮಾರಾಟಕ್ಕಿತ್ತು. ಸಾವಳಗಿಯ ಗಿರಿಮಲ್ಲಪ್ಪ ತನ್ನ ಎರಡು ಮಗ್ಗದ ಜೊತೆ ಮೂರನೆಯದನ್ನು ಹುಡುಕುತ್ತಿದ್ದ. ಈ ಮಗ್ಗ ಅವನಿಗೆ, ಆ ಹಣದಲ್ಲಿ ಗಿರಣಿ ತನಗೆ. ಎಂಥ ಸರಳ ಲೆಕ್ಕ!

ಬೇಸಿಗೆಯಲ್ಲಿ ಗಿರಿಮಲ್ಲಪ್ಪ ಬಂದು ಮಗ್ಗದ ಸುತ್ತ ಎರಡು ಸುತ್ತು ಹಾಕಿದ. "ಛಲೋ ಐತ್ರಿ. ಹಾಸ ಮುಗದ ಮ್ಯಾಲ ಫೋನ್ ಮಾಡ್ರಿ, ಒಯ್ತೇನಿ" ಎಂದ. ಅವನೂ ನೇಕಾರನೇ. ಹಾಸು ಹೊತ್ತ ಮಗ್ಗವನ್ನು ಇವರು ಮಾರುವುದಿಲ್ಲ, ಅವರು ಕೊಳ್ಳುವುದಿಲ್ಲ. ತುಂಬಿದ ಬಸುರಿಯನ್ನು ಹೊಸ್ತಿಲು ದಾಟಿಸಿದ ಹಾಗೆ ಅದು.

ಶೇವಂತಿಗೆ ಅಷ್ಟೇ ಸಾಕಾಯಿತು. ಹಾಸು ಮುಗಿಯುವ ಹಿಂದಿನ ದಿನ ಕರೆಪ್ಪ ಪೇಟೆಗೆ ಹೋದದ್ದೇ ತಡ, ಹೊಸ ಹಾಸು ಸುತ್ತಿದ ಬೀಮ್ ಏರಿಸಿಕೊಂಡು ಕೂತು ಕೆಚ್ಚತೊಡಗಿದಳು. ಕರೆಪ್ಪ ಬಂದು ನೋಡಿ, ಚಪ್ಪಲಿ ಬಿಟ್ಟು ಒಳಗೆ ಹೋದ. ಗಿರಿಮಲ್ಲಪ್ಪನಿಗೆ ಫೋನಿನಲ್ಲಿ, "ಇನ್ನೊಂದ ಹಾಸ ಏರೇತ್ರಿ, ಸ್ವಲ್ಪ ತಡೀರಿ" ಎಂದ. ಎರಡನೆಯ ಸಲವೂ ಅದೇ ಆಯಿತು. ಮೂರನೆಯ ಸಲ ಅವಳಿಗೇ ಅಳುಕು ಹತ್ತಿತ್ತು. ಆದರೂ ಮಗ್ಗದ ಹಿಂದೆ ಹೋಗಿ ಕೂತಳು. ಬೂದಿಯ ಬಟ್ಟಲು ಆಗಲೇ ತುಂಬಿತ್ತು. ತಾನೇ ಯಾವಾಗಲೋ ತುಂಬಿಟ್ಟಿರಬೇಕು ಅಂದುಕೊಂಡು ಬೆರಳು ಅದ್ದಿದಳು.

ಆ ಹಾಸು ಅರ್ಧ ನೇಯುವಷ್ಟರಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಸುಂಕ ಏರಿಸಿದ ಸುದ್ದಿ ಟಿವಿಯಲ್ಲಿ ಬಂತು. ಶೇವಂತಿ ರೊಟ್ಟಿ ಬಡಿಯುತ್ತ ಕೇಳಿದಳು. ಅಲ್ಲಿಯ ಸುಂಕಕ್ಕೂ ಇಲ್ಲಿಯ ಸೀರೆಗೂ ಏನು ಸಂಬಂಧ? ತಿಂಗಳೊಪ್ಪತ್ತಿನಲ್ಲಿ ತೇರದಾಳದಿಂದ ಶ್ರೇಣಿಕ ಸಾಹುಕಾರ ಬಂದ. ನೂಲಿನ ಬೀಮ್ ಕೊಟ್ಟು ಸೀರೆ ಒಯ್ಯುವವನು, ಅವನ ತಂದೆಯ ಕಾಲದಿಂದ ಬಂದ ನಂಟು. ಚಹಾ ಮುಟ್ಟಲಿಲ್ಲ.

"ಶೇವಂತಕ್ಕ, ಇನ್ನ ಬೀಮ್ ಕೊಡಾಕ ಆಗಂಗಿಲ್ರಿ."

"ಯಾಕ್ರಿ ಸಾವ್ಕಾರ್ರ? ನಮ್ಮಿಂದೇನರ ತಪ್ಪಾತೇನ್ರಿ?"

"ನಿಮ್ಮ ತಪ್ಪೇನೈತ್ರಿ ಅಕ್ಕ. ನಮ್ಮ ನೂಲ ಹೊರದೇಶಕ್ಕ ಹೋದ್ರ ಇಲ್ಲಿ ತುಟ್ಟಿ ಆಗತೈತಿ. ಸುಂಕ ಏರಿತಂತ ಹೊರದೇಶದವ್ರು ಬ್ಯಾಡ ಅಂದ ಅರಬಿ-ಬಟ್ಟಿ ಇಲ್ಲೇ ಬಂದು ಬೀಳತೈತಿ, ಅಗ್ಗ ಆಗತೈತಿ. ಎರಡೂ ಕಡಿಂದ ಪೆಟ್ಟ ನಮಗ. ನಿಮ್ಮ ಸೀರಿ ಅಂಚನ್ನs ಪ್ರಿಂಟ್ ಹೊಡದು ಅರ್ಧಾ ರೇಟಿಗಿ ಮಾರಾಕತ್ತಾರ. ಖರೆ ಹೇಳಬೇಕಂದ್ರ ನಾನೂ ಅದನ್ನs ತಂದು ಮಾರಾಕತ್ತೇನಿ. ನಂದೂ ಹೊಟ್ಟಿ ಐತೆಲ್ರಿ."

ಬೈಯೋಣವೆಂದರೆ ಅವನ ಕಣ್ಣಲ್ಲೂ ನೀರಿತ್ತು. ನೂಲು ಹೊರದೇಶಕ್ಕೆ ಹೋಗಲಿ ಅಂತ ದಿಲ್ಲಿಯಲ್ಲಿ ಸಹಿ ಹಾಕಿದವರನ್ನು, ಸಮುದ್ರದಾಚೆ ಸುಂಕ ಕಟ್ಟಿದವರನ್ನು ಬನಹಟ್ಟಿಯ ಹೆಂಗಸು ಎಲ್ಲಿ ಹುಡುಕಿ ಬೈಯಬೇಕು? ಅವರಿಗೆ ಈ ಓಣಿ ಇದೆ ಅಂತಲೇ ಗೊತ್ತಿಲ್ಲ.

ಕರೆಪ್ಪ ಸಾವಳಗಿಗೆ ಫೋನ್ ಹಚ್ಚಿದ. "ಇದ್ದ ಎರಡs ನಿಂತಾವ್ರಿ, ಮೂರನೇದ್ದ ಏನ್ಮಾಡ್ಲಿ?" ಎಂದ ಗಿರಿಮಲ್ಲಪ್ಪ. ಗಿರಣಿಯನ್ನು ಮುಧೋಳದವರು ಯಾರೋ ಕೊಂಡಾಗಿತ್ತು. ಮುಂದಿನ ತಿಂಗಳು ಗುಜರಿಯವನು ತಕ್ಕಡಿ, ಸುತ್ತಿಗೆ ಹಿಡಿದು ಬಂದ. ಓಡುವ ಮಗ್ಗ ಈಗ ಕಿಲೋ ಲೆಕ್ಕದ ಕಬ್ಬಿಣ.

ಹಣಿಗೆಯ ಹಿಂದೆ ಗೇಣುದ್ದ ಎಳೆ ಹಾಗೇ ಉಳಿದಿತ್ತು. "ಅದನ್ನ ಕತ್ತರಿಸ್ರಿ, ಕಬ್ಬಿಣಕ್ಕ ದಾರ ಸುತಗೋತಾವ" ಎಂದ ಗುಜರಿಯವನು. ಕರೆಪ್ಪ ಕತ್ತರಿ ತೆಗೆದುಕೊಂಡ, ಎಳೆಯವರೆಗೆ ಒಯ್ದು ಮತ್ತೆ ಇಳಿಸಿದ. ಶೇವಂತಿಯೇ ಇಸಿದುಕೊಂಡಳು. ನಾಲ್ಕು ಸಲ ಕತ್ತರಿ ಆಡಿಸಬೇಕಾಯಿತು. ಹದಿನಾಲ್ಕು ವರ್ಷದ್ದು ನಾಲ್ಕೇ ಸಲಕ್ಕೆ ಮುಗಿದುಹೋಯಿತು.

ಗಾಡಿ ಹೋದ ಮೇಲೆ ಖಾಲಿ ನೆಲದಲ್ಲಿ ಎಣ್ಣೆಯ ಕಲೆ, ಮೂಲೆಯಲ್ಲಿ ಬೂದಿಯ ಬಟ್ಟಲು. ಶೇವಂತಿಗೆ ತಡೆಯಲಾಗಲಿಲ್ಲ.

"ನಿಮ್ಮ ಗಿರಣಿ ನಾನs ಮುಳುಗಿಸಿದ್ನಿರಿ. ಮೂರೂ ಸಲ ಬೇಕಂತನs ಕೆಚ್ಚಿದ್ನಿ. ಮಗ್ಗ ಹೋಗಬಾರ್ದಂತ. ನನ್ನ ಹೊಡೀರಿ, ಬೈರಿ, ಏನರ ಅನ್ರಿ!"

ಕರೆಪ್ಪ ಎಣ್ಣೆಯ ಕಲೆಯ ಪಕ್ಕ ನೆಲದ ಮೇಲೆ ಕೂತ. ಮರುದಿನದಿಂದ ಅವನು ಶ್ರೇಣಿಕನ ಗೋದಾಮಿಗೆ ಹಮಾಲಿಗೆ ಹೋಗಬೇಕಿತ್ತು, ಅದೇ ಪ್ರಿಂಟ್ ಸೀರೆಯ ಗಂಟು ಇಳಿಸಲಿಕ್ಕೆ.

"ಮೊದಲನೇ ಸಲ ನಂಗ ಸಿಟ್ಟ ಬಂದಿತ್ತು" ಎಂದ. "ಎರಡನೇ ಸಲ ಮಗ್ಗ ಸಪ್ಪಳ ಮಾಡಾಕತ್ತ ಮ್ಯಾಲs ನಿದ್ದಿ ಬಂತು."

"ಮತ್ತ ಮೂರನೇ ಸಲ?"

ಅವನು ಬಟ್ಟಲಿನ ಕಡೆ ಕೈ ತೋರಿಸಿದ.

"ಮೂರನೇ ಸಲ ಆ ಬೂದಿ ಸೋಸಿ ಇಟ್ಟಾಂವ ನಾನs, ಶೇವಂತಿ."